ಮೇಲಧಿಕಾರಿಗೂ ಒಂದು ಪಾಠಶಾಲೆ

ಪೊಲೀಸ್ ತರಬೇತಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೆಳಗಿನ ಕವಾಯತು ಮೈದಾನ. ಸಾಲುಗಟ್ಟಿ ನಿಂತ ಹುಡುಗರು, ಉಸ್ತಾದರ ಗದರಿಕೆ, ಹೆಗಲ ಮೇಲೆ ರೈಫಲು. ತರಬೇತಿಯೆಂಬುದು ನೌಕರಿಗೆ ಸೇರುವಾಗ ಒಮ್ಮೆ ಮುಗಿಸಿಬಿಡುವ ಸಂಸ್ಕಾರ ಎಂಬುದೇ ಸಾಮಾನ್ಯ ಭಾವನೆ. ಹೀಗಿರುವಾಗ ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದ, ಐದಾರು ಜಿಲ್ಲೆಗಳ ಹೊಣೆ ಹೊತ್ತ ಪೊಲೀಸ್ ಮಹಾನಿರೀಕ್ಷಕರೊಬ್ಬರು ನೋಟುಬುಕ್ಕು ಹಿಡಿದು ಮತ್ತೆ ತರಗತಿಯಲ್ಲಿ ಕೂರುತ್ತಾರೆಂದರೆ ಕೇಳಿದವರಿಗೆ ನಗು ಬರಬಹುದು. ಅಷ್ಟು ಮೇಲೇರಿದವರಿಗೆ ಇನ್ನು ಕಲಿಸುವುದೇನಿದೆ? ಕಲಿಸುವವರಾದರೂ ಯಾರು?

ಈ ಪ್ರಶ್ನೆಗೆ ಉತ್ತರವನ್ನು ಹೈದರಾಬಾದಿನ ಅಕಾಡೆಮಿಯಲ್ಲಿ ಹುಡುಕುವ ಮೊದಲು ನಮ್ಮದೇ ಬೆಳಗಾವಿ ಜಿಲ್ಲೆಯ ವಾಯವ್ಯ ಮೂಲೆಯಲ್ಲಿ ಹುಡುಕುವುದು ಲೇಸು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ಆತುಕೊಂಡಿವೆ, ಇಲ್ಲವೇ ಅದರ ಸಮೀಪದಲ್ಲಿವೆ. ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ಈ ಬಯಲಿನಲ್ಲಿ ಕಬ್ಬು ಮತ್ತು ತಂಬಾಕು ಬೆಳೆಯುತ್ತದೆ. ಒಂದೇ ಸಂತೆಯಲ್ಲಿ ಕನ್ನಡ, ಮರಾಠಿ ಎರಡೂ ಕೇಳಿಸುತ್ತವೆ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಕರ್ನಾಟಕವನ್ನು ಪ್ರವೇಶಿಸುವುದು ನಿಪ್ಪಾಣಿಯ ಬಳಿಯಲ್ಲಿ. ಪೊಲೀಸ್ ನಾಯಕತ್ವ ಎಂದರೇನೆಂದು ವಿವರಿಸಲು ಈ ಒಂದು ರಸ್ತೆಯೇ ಸಾಕು.

1981ರ ರಸ್ತೆ

1981ರ ಮಾರ್ಚ್ ತಿಂಗಳಲ್ಲಿ ನಿಪ್ಪಾಣಿ ಸೀಮೆಯ ತಂಬಾಕು ಬೆಳೆಗಾರರು ಈ ಹೆದ್ದಾರಿಯ ಮೇಲೆ ಬಂದು ಕುಳಿತರು. ಬೀಡಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂಬುದು ಅವರ ಬೇಡಿಕೆ. ಮಾಲು ವಖಾರಕ್ಕೆ ಹೋದ ಮೇಲೆ ಬೆಲೆ ಹೇಳುವವನು ವ್ಯಾಪಾರಿ, ಹಣ ಕೊಡುವ ದಿನವನ್ನು ಗೊತ್ತುಮಾಡುವವನೂ ವ್ಯಾಪಾರಿಯೇ ಎಂಬ ಸ್ಥಿತಿ ಅವರನ್ನು ರೊಚ್ಚಿಗೆಬ್ಬಿಸಿತ್ತು. ಮಹಾರಾಷ್ಟ್ರದ ಶೇತಕರಿ ಸಂಘಟನೆಯ ಶರದ್ ಜೋಶಿಯವರು ಚಳವಳಿಯ ಮುಂಚೂಣಿಯಲ್ಲಿದ್ದರು. ಗಡಿ ವಿವಾದದ ಹೆಸರಿನಲ್ಲಿ ಸದಾ ಎರಡಾಗಿ ಕಾಣುತ್ತಿದ್ದ ಊರಿನಲ್ಲಿ ಕನ್ನಡ ಮಾತಿನ ರೈತ, ಮರಾಠಿ ಮಾತಿನ ರೈತ ಒಂದೇ ಹಾಸಿನ ಮೇಲೆ ಕುಳಿತಿದ್ದರೆಂಬುದು ಆ ಚಳವಳಿಯ ವಿಶೇಷ. ಸಾವಿರಾರು ಜನ ರಸ್ತೆಯನ್ನೇ ಊರು ಮಾಡಿಕೊಂಡು ಮೂರು ವಾರಗಳ ಕಾಲ ಇದ್ದರು.

ಏಪ್ರಿಲ್ 6ರಂದು ಪೊಲೀಸರು ಅವರನ್ನು ಅಲ್ಲಿಂದ ತೆರವುಗೊಳಿಸಲು ಮುಂದಾದರು. ಅದು ಗೋಲೀಬಾರಿನಲ್ಲಿ ಕೊನೆಗೊಂಡಿತು. ಹತ್ತು ಹನ್ನೆರಡು ರೈತರು ಪ್ರಾಣ ಕಳೆದುಕೊಂಡರು. ಇದಕ್ಕೆ ಒಂದು ವರ್ಷವೂ ತುಂಬುವ ಮೊದಲು, 1980ರ ಜುಲೈ 21ರಂದು, ಮಲಪ್ರಭಾ ಕಾಲುವೆಯ ಕರದ ವಿಷಯದಲ್ಲಿ ನರಗುಂದ, ನವಲಗುಂದಗಳಲ್ಲಿ ಇಂಥದೇ ದುರಂತ ನಡೆದಿತ್ತು. ಅಲ್ಲಿ ರೈತರು ಸತ್ತರು. ರೊಚ್ಚಿಗೆದ್ದ ಗುಂಪಿನ ಕೈಗೆ ಸಿಕ್ಕ ಪೊಲೀಸರೂ ಜೀವ ತೆತ್ತರು.

ಇಂಥ ಘಟನೆಗಳಾದಾಗ ಗುಂಡು ಹಾರಿಸಿದವರು ಯಾರು, ಹಾರಿಸಲು ಹೇಳಿದವರು ಯಾರು ಎಂದು ಕೇಳುವುದು ರೂಢಿ. ಅದು ಕೇಳಲೇಬೇಕಾದ ಪ್ರಶ್ನೆ. ಆದರೆ ಪೊಲೀಸ್ ನಾಯಕತ್ವವನ್ನು ಕಲಿಸುವವರ ಪ್ರಶ್ನೆ ಅದಕ್ಕಿಂತ ಹಿಂದಕ್ಕೆ ಹೋಗುತ್ತದೆ. ರಸ್ತೆಯ ಮೇಲೆ ಜನ ಮೂರು ವಾರ ಕುಳಿತಿದ್ದಾಗ ಅವರೊಡನೆ ದಿನವೂ ಮಾತನಾಡುತ್ತಿದ್ದವರು ಯಾರು? ಬೆಲೆಯ ಪ್ರಶ್ನೆಯನ್ನು ಬಗೆಹರಿಸಬಲ್ಲವರನ್ನು ಕರೆತರಲು ಒತ್ತಾಯಿಸಬೇಕಿದ್ದವರು ಯಾರು? ತೆರವಿಗೆ ದಿನ ಗೊತ್ತುಮಾಡುವಾಗ ಹೆಂಗಸರು, ಮಕ್ಕಳು ಹೊರಟುಹೋಗಲು ದಾರಿ ಬಿಡಲಾಗಿತ್ತೇ? ಈ ಪ್ರಶ್ನೆಗಳಿಗೆ ಉತ್ತರಿಸಬೇಕಾದವನು ಬಂದೂಕು ಹಿಡಿದ ಪೇದೆಯಲ್ಲ. ಅವನು ಕೊನೆಯ ಐದು ನಿಮಿಷದಲ್ಲಿ ಬಂದು ನಿಲ್ಲುವವನು. ಅದಕ್ಕೂ ಹಿಂದಿನ ಇಪ್ಪತ್ತು ದಿನಗಳು ಮೇಲಧಿಕಾರಿಯವು.

ಕಾನೂನು ಹೇಳುವುದು, ಹೇಳದೆ ಬಿಡುವುದು

ಅಕ್ರಮ ಕೂಟವನ್ನು ಚದುರಿಸುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಇಲ್ಲವೇ ಠಾಣೆಯ ಅಧಿಕಾರಿಗೆ ಇದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 129ನೇ ಕಲಮು ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಮು ಬಂದಿದೆ. ಮೊದಲು ಚದುರಿಹೋಗಿರೆಂದು ಆಜ್ಞೆ, ಅದಕ್ಕೆ ಬಗ್ಗದಿದ್ದರೆ ಬಲಪ್ರಯೋಗ, ಇದು ಅದರ ಕ್ರಮ. ಚಿಕ್ಕೋಡಿಯ ಉಪವಿಭಾಗಾಧಿಕಾರಿ, ತಾಲ್ಲೂಕಿನ ತಹಶೀಲ್ದಾರ, ಪೊಲೀಸ್ ಉಪಾಧೀಕ್ಷಕರು ಇವರೆಲ್ಲ ಈ ಕಲಮನ್ನು ಬಾಯಿಪಾಠ ಬಲ್ಲವರೇ.

ಕಲಮು ಹೇಳದೆ ಬಿಟ್ಟಿರುವ ಸಂಗತಿಯೆಂದರೆ ಗುಂಪು ಹೇಗೆ ಯೋಚಿಸುತ್ತದೆ ಎಂಬುದು. ಗುಂಪು ಸೇರಿದೊಡನೆ ಮನುಷ್ಯ ವಿವೇಕ ಕಳೆದುಕೊಂಡು ಪಶುವಾಗುತ್ತಾನೆ ಎಂಬ ಅಭಿಪ್ರಾಯ ಬಹಳ ಕಾಲ ಪೊಲೀಸರಲ್ಲಿ ಬೇರೂರಿತ್ತು. 1895ರಲ್ಲಿ ಪುಸ್ತಕ ಬರೆದ ಗುಸ್ತಾವ್ ಲೆ ಬಾನ್ ಎಂಬ ಫ್ರೆಂಚ್ ಲೇಖಕನಿಂದ ಈ ಅಭಿಪ್ರಾಯಕ್ಕೆ ಶಾಸ್ತ್ರದ ಮನ್ನಣೆ ಸಿಕ್ಕಿತು. ಗುಂಪೆಂದರೆ ಪಶುವಾದರೆ, ಅದಕ್ಕೆ ದೊಣ್ಣೆಯೇ ಮದ್ದು.

ಈಚಿನ ದಶಕಗಳಲ್ಲಿ ಬ್ರಿಟನ್ನಿನ ಸ್ಟೀಫನ್ ರೈಷರ್, ಕ್ಲಿಫರ್ಡ್ ಸ್ಟಾಟ್ ಮೊದಲಾದ ಮನಶ್ಶಾಸ್ತ್ರಜ್ಞರು ಬೇರೆಯದನ್ನೇ ಕಂಡರು. ಗುಂಪಿನಲ್ಲಿರುವವರಲ್ಲಿ ಹೆಚ್ಚಿನವರು ಜಗಳಕ್ಕೆ ಬಂದವರಲ್ಲ. ಆದರೆ ಪೊಲೀಸರು ಎಲ್ಲರನ್ನೂ ಒಂದೇ ಕೋಲಿನಿಂದ ಹೊಡೆದಾಗ, ಸುಮ್ಮನಿದ್ದವನೂ ಕಲ್ಲು ಹಿಡಿದವನ ಪಕ್ಕಕ್ಕೆ ಹೋಗಿ ನಿಲ್ಲುತ್ತಾನೆ. ಅಂದರೆ ಗುಂಪು ಕೆರಳುವುದರಲ್ಲಿ ಪೊಲೀಸರ ನಡವಳಿಕೆಗೂ ಪಾಲಿದೆ. 2004ರಲ್ಲಿ ಪೋರ್ಚುಗಲ್ಲಿನಲ್ಲಿ ಯುರೋಪಿನ ಫುಟ್‌ಬಾಲ್ ಪಂದ್ಯಾವಳಿ ನಡೆದಾಗ ಅಲ್ಲಿನ ನಗರ ಪೊಲೀಸರು ಈ ತಿಳಿವಳಿಕೆಯನ್ನು ಬಳಸಿದರು. ಗಲಭೆ ಪಡೆಯನ್ನು ಕಣ್ಣಿಗೆ ಬೀಳದಂತೆ ಇರಿಸಿ, ಮಾಮೂಲು ಸಮವಸ್ತ್ರದ ಪೊಲೀಸರು ಅಭಿಮಾನಿಗಳ ನಡುವೆ ಓಡಾಡಿ ಮಾತನಾಡಿಸಿದರು; ತಂಟೆ ಮಾಡಿದವರನ್ನಷ್ಟೇ ಹಿಡಿದರು. ಪುಂಡಾಟಕ್ಕೆ ಹೆಸರಾದ ಇಂಗ್ಲಿಷ್ ಅಭಿಮಾನಿಗಳು ಇದ್ದರೂ ಆ ನಗರಗಳಲ್ಲಿ ದೊಡ್ಡ ಗಲಭೆಯಾಗಲಿಲ್ಲ.

ನಮ್ಮ ಜನಕ್ಕೆ ಇದು ತೀರ ಹೊಸದಾಗಿ ಕಾಣಲಾರದು. ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕ ದೇವಿಯ ಜಾತ್ರೆಗೆ ಗಡಿಯ ಎರಡೂ ಬದಿಯಿಂದ ಲಕ್ಷಗಟ್ಟಲೆ ಜನ ಸೇರುತ್ತಾರೆ. ಅದೂ ಗುಂಪೇ. ಅಲ್ಲಿನ ಬಂದೋಬಸ್ತು ನಡೆಯುವುದು ದಾರಿ ತೋರಿಸುತ್ತ, ಕಳೆದುಹೋದ ಮಕ್ಕಳನ್ನು ತಾಯಂದಿರಿಗೆ ಒಪ್ಪಿಸುತ್ತ. ಅದೇ ಪೇದೆ, ಅದೇ ಜನ ಕಬ್ಬಿನ ಬೆಲೆಗಾಗಿ ಕಾರ್ಖಾನೆಯ ಮುಂದೆ ಎದುರಾದಾಗ ಇಬ್ಬರ ಮುಖವೂ ಬದಲಾಗುತ್ತದೆ. ಈ ಬದಲಾವಣೆಯನ್ನು ಅರ್ಥ ಮಾಡಿಕೊಳ್ಳುವುದು ನಾಯಕತ್ವದ ತರಬೇತಿಯಲ್ಲಿ ಒಂದು ಮುಖ್ಯ ಪಾಠ.

ಶಾಲೆ ಬೆಳೆದು ಬಂದ ಬಗೆ

ನಮ್ಮಲ್ಲಿ ಪೊಲೀಸ್ ಶಿಕ್ಷಣ ತಡವಾಗಿ ಹುಟ್ಟಿತು. 1861ರ ಪೊಲೀಸ್ ಕಾಯಿದೆ ಬಂದಾಗ ಆಳುವವರಿಗೆ ಬೇಕಾಗಿದ್ದುದು ಅಂಜಿಕೆ ಹುಟ್ಟಿಸುವ ಪಡೆ. ಮೇಲಿನ ಸ್ಥಾನಗಳಿಗೆ ಬಹಳ ಕಾಲ ಸೈನ್ಯದಿಂದ ಆರಿಸಿದ ಬಿಳಿಯರೇ ಬರುತ್ತಿದ್ದರು. 1902-03ರಲ್ಲಿ ಆಂಡ್ರೂ ಫ್ರೇಸರ್ ನೇತೃತ್ವದ ಆಯೋಗ ದೇಶವನ್ನೆಲ್ಲ ಸುತ್ತಿ, ಪೊಲೀಸರಿಗೆ ತಕ್ಕ ತರಬೇತಿ ಇಲ್ಲವೆಂದೂ, ಜನರ ಕಣ್ಣಿನಲ್ಲಿ ಅವರು ಲಂಚಕೋರರೂ ಪೀಡಕರೂ ಆಗಿದ್ದಾರೆಂದೂ ಬರೆಯಿತು. ಪ್ರಾಂತಗಳಲ್ಲಿ ಪೊಲೀಸ್ ತರಬೇತಿ ಶಾಲೆಗಳು ಹೆಚ್ಚಿದ್ದು ಅದರ ನಂತರವೇ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಈ ಭಾಗದ ಫೌಜದಾರರಿಗೆ ನಾಸಿಕದ ಶಾಲೆಯೇ ವಿದ್ಯಾಪೀಠ.

ಮೇಲಧಿಕಾರಿಗಳಿಗಾಗಿಯೇ ಒಂದು ಕಾಲೇಜು ಬೇಕೆಂಬ ಯೋಚನೆ ಇಂಗ್ಲೆಂಡಿನಲ್ಲಿ 1934ರಲ್ಲಿ ರೂಪ ತಳೆಯಿತು. ಲಂಡನ್ ಪೊಲೀಸ್ ಕಮಿಷನರ್ ಆಗಿದ್ದ ಲಾರ್ಡ್ ಟ್ರೆಂಚರ್ಡ್ ಹೆಂಡನ್ ಎಂಬಲ್ಲಿ ಅದನ್ನು ತೆರೆದರು. ಪೇದೆಗಳಿಂದ ಬೇರೆಯಾದ ಸಾಹೇಬರ ಜಾತಿಯನ್ನು ಹುಟ್ಟುಹಾಕುತ್ತಿದ್ದಾರೆ ಎಂದು ಅದಕ್ಕೆ ವಿರೋಧ ಬಂತು. 1939ರಲ್ಲಿ ಅದು ಮುಚ್ಚಿತು. ಮತ್ತೆ 1948ರಲ್ಲಿ ಇಂಗ್ಲೆಂಡಿನಲ್ಲಿ ಎಲ್ಲ ಪಡೆಗಳಿಗೂ ಸೇರಿದ ಪೊಲೀಸ್ ಕಾಲೇಜು ಆರಂಭವಾಯಿತು. ಅದೇ ವರ್ಷದ ಸೆಪ್ಟೆಂಬರ್ 15ರಂದು ರಾಜಸ್ಥಾನದ ಮೌಂಟ್ ಅಬುವಿನಲ್ಲಿ ನಮ್ಮ ಕೇಂದ್ರ ಪೊಲೀಸ್ ತರಬೇತಿ ಕಾಲೇಜು ಪ್ರಾರಂಭವಾಯಿತು. 1974ರಲ್ಲಿ ಅದಕ್ಕೆ ಸರ್ದಾರ್ ವಲ್ಲಭಭಾಯಿ ಪಟೇಲರ ಹೆಸರಿಟ್ಟರು. 1975ರಲ್ಲಿ ಅದು ಹೈದರಾಬಾದಿಗೆ ಬಂತು. ಐ.ಪಿ.ಎಸ್. ಅಧಿಕಾರಿಗಳೆಲ್ಲರ ಮಾತೃಸಂಸ್ಥೆ ಅದೇ.

ಆದರೆ ಆ ಕಾಲೇಜು ಬಹುಕಾಲ ಸೇವೆಗೆ ಹೊಸದಾಗಿ ಬಂದವರ ಶಾಲೆಯಾಗಿಯೇ ಮುಖ್ಯವಾಗಿ ನಡೆಯಿತು. ಒಮ್ಮೆ ಹೊರಬಿದ್ದವನು ನಿವೃತ್ತಿಯವರೆಗೆ ಕಲಿಯುವುದು ಅನುಭವದಿಂದ ಮಾತ್ರ. ಈ ಕೊರತೆಯನ್ನು ವ್ಯವಸ್ಥಿತವಾಗಿ ಎತ್ತಿ ತೋರಿಸಿದವರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಮಾಧವ ಸದಾಶಿವ ಗೋರೆಯವರು ಪ್ರಮುಖರು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ 1971ರಲ್ಲಿ ಪೊಲೀಸ್ ತರಬೇತಿಯ ಸಮಿತಿಯನ್ನು ನೇಮಿಸಿತು. 1973ರಲ್ಲಿ ವರದಿ ಬಂತು. ಕವಾಯತು ಮತ್ತು ಕಾಯಿದೆಗಳಷ್ಟೇ ಸಾಲವು, ಮನುಷ್ಯ ಸ್ವಭಾವ ಮತ್ತು ಸಮಾಜದ ಬದಲಾವಣೆಗಳನ್ನು ಪೊಲೀಸನು ಅರಿಯಬೇಕು, ಸೇವೆಯ ಬೇರೆ ಬೇರೆ ಹಂತಗಳಲ್ಲಿ ಮತ್ತೆ ಮತ್ತೆ ಕಲಿಯಬೇಕು ಎಂಬುದು ಅದರ ತಿರುಳು.

ಅದರ ಬೆನ್ನಿಗೇ 1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ರಚನೆಯಾಯಿತು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಧರ್ಮವೀರರು ಅದರ ಅಧ್ಯಕ್ಷರು. ಗೋಲೀಬಾರಿನಲ್ಲಿ ಇಬ್ಬರು ಅಥವಾ ಹೆಚ್ಚು ಜನ ಸತ್ತರೆ ನ್ಯಾಯಾಂಗ ವಿಚಾರಣೆ ಕಡ್ಡಾಯವಾಗಬೇಕೆಂದು ಅದು ತನ್ನ ಮೊದಲ ವರದಿಯಲ್ಲೇ, 1979ರಲ್ಲಿ, ಸಲಹೆ ಮಾಡಿತ್ತು. ನಿಪ್ಪಾಣಿಯ ರಸ್ತೆಯಲ್ಲಿ ಗುಂಡು ಹಾರಿದಾಗ ಈ ಎರಡೂ ವರದಿಗಳು ದೆಹಲಿಯ ಕಚೇರಿಗಳಲ್ಲಿ ಇದ್ದವು. ಏನು ಕಲಿಸಬೇಕೆಂಬುದು ತಿಳಿದಿತ್ತು. ಕಲಿಸುವ ವ್ಯವಸ್ಥೆ ಮಾತ್ರ ಬಂದಿರಲಿಲ್ಲ.

ಮತ್ತೆ ತರಗತಿಗೆ

ಆ ವ್ಯವಸ್ಥೆ ಬಂದುದು 2010ರಲ್ಲಿ. ಐ.ಪಿ.ಎಸ್. ಅಧಿಕಾರಿಗಳಿಗೆ ಸೇವೆಯ ಮಧ್ಯದ ತರಬೇತಿ ಆಗ ಆರಂಭವಾಯಿತು. ಸೇರುವಾಗಿನ ಶಿಕ್ಷಣದ ಎರಡು ಘಟ್ಟಗಳ ನಂತರ ಇನ್ನೂ ಮೂರು ಘಟ್ಟಗಳನ್ನು ಗೊತ್ತುಮಾಡಲಾಯಿತು. ಸೇವೆಗೆ ಎಂಟು ವರ್ಷವಾಗುವ ಹೊತ್ತಿಗೆ ಒಂದು, ಹದಿನೈದರ ಆಸುಪಾಸಿನಲ್ಲಿ ಇನ್ನೊಂದು, ಇಪ್ಪತ್ತೈದರ ಆಸುಪಾಸಿನಲ್ಲಿ ಕೊನೆಯದು. ರಾಜ್ಯ ಸೇವೆಯಿಂದ ಬಡ್ತಿ ಪಡೆದು ಐ.ಪಿ.ಎಸ್.ಗೆ ಬರುವವರಿಗೂ ಹೈದರಾಬಾದಿನಲ್ಲಿ ಪ್ರತ್ಯೇಕ ಶಿಕ್ಷಣವಿದೆ. ನಮ್ಮ ರಾಜ್ಯದ ಉಪಾಧೀಕ್ಷಕರನ್ನು ಸಿದ್ಧಗೊಳಿಸುವುದು ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿ.

ಘಟ್ಟಗಳನ್ನು ಹೀಗೆ ಬೇರೆ ಮಾಡಿದ್ದಕ್ಕೆ ಕಾರಣವಿದೆ. ಎಂಟು ವರ್ಷದ ಅಧಿಕಾರಿ ಜಿಲ್ಲೆಯ ಸೂಪರಿಂಟೆಂಡೆಂಟ್. ಸ್ಥಳಕ್ಕೆ ತಾನೇ ಹೋಗಿ ನಿಲ್ಲಬಲ್ಲ. ಹದಿನೈದು ವರ್ಷದವರು ಬೇರೆಯವರ ಕಣ್ಣಿನಿಂದ ನೋಡಬೇಕು, ಬೇರೆಯವರ ಕೈಯಿಂದ ಕೆಲಸ ಮಾಡಿಸಬೇಕು. ಇಪ್ಪತ್ತೈದು ವರ್ಷದವರ ಕೆಲಸ ಬಹುಮಟ್ಟಿಗೆ ನೀತಿ, ಆಯವ್ಯಯ, ಮಂತ್ರಿಗಳಿಗೆ ಅಪ್ರಿಯವಾದ ಸಲಹೆಯನ್ನು ವಿನಯದಿಂದ ಹೇಳುವುದು. ಒಂದು ಮೆಟ್ಟಿಲಿನಲ್ಲಿ ಗುಣವಾಗಿದ್ದುದು ಮುಂದಿನ ಮೆಟ್ಟಿಲಿನಲ್ಲಿ ದೋಷವಾಗಬಹುದು. ಎಲ್ಲ ಕಡೆಗೂ ತಾನೇ ಓಡುವ ಉತ್ಸಾಹಿ ಎಸ್.ಪಿ. ಐ.ಜಿ. ಆದ ಮೇಲೂ ಹಾಗೆಯೇ ಓಡುತ್ತಿದ್ದರೆ ಕೆಳಗಿನವರು ನಿರ್ಧಾರ ತೆಗೆದುಕೊಳ್ಳುವುದನ್ನೇ ಮರೆಯುತ್ತಾರೆ.

ತರಗತಿಯಲ್ಲಿ ಭಾಷಣಕ್ಕಿಂತ ನಡೆದ ಘಟನೆಗಳ ಪರಿಶೀಲನೆಗೆ ಹೆಚ್ಚು ಬೆಲೆ. ಒಂದು ಪ್ರಕರಣವನ್ನು ಮುಂದಿಟ್ಟು, ನೀವಾಗಿದ್ದರೆ ಮೂರನೆಯ ದಿನ ಏನು ಮಾಡುತ್ತಿದ್ದಿರಿ, ಯಾರಿಗೆ ಫೋನು ಮಾಡುತ್ತಿದ್ದಿರಿ ಎಂದು ಕೇಳುವುದು ಇದರ ಕ್ರಮ. ಸಮಾನ ಹಿರಿತನದವರೇ ಎದುರಿಗಿರುವುದರಿಂದ ಸೆಲ್ಯೂಟಿನ ಮರ್ಯಾದೆ ಇಲ್ಲಿ ಅಡ್ಡ ಬರುವುದಿಲ್ಲ. ಜಿಲ್ಲೆಯಲ್ಲಿ ಯಾರೂ ಮೇಲಧಿಕಾರಿಗೆ ‘ತಾವು ತಪ್ಪಿದಿರಿ ಸಾರ್’ ಎನ್ನಲಾರರು. ಇಲ್ಲಿ ಅನ್ನಬಲ್ಲರು. ಕಲಿಸುವವರು ಯಾರೆಂಬ ಪ್ರಶ್ನೆಗೆ ಅರ್ಧ ಉತ್ತರ ಇದೇ.

ಈ ತರಬೇತಿಯ ಆರಂಭದ ವರ್ಷಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವೂ ಪಾಲ್ಗೊಂಡಿತ್ತು. ಅಲ್ಲಿ ಅಪರಾಧಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಲಾರೆನ್ಸ್ ಶೆರ್ಮನ್ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ನಡೆಸಿದ ಅಧ್ಯಯನ ಪ್ರಸಿದ್ಧ. ಪೊಲೀಸರನ್ನು ಕರೆಯುವ ದೂರವಾಣಿ ಕರೆಗಳನ್ನು ಎಣಿಸಿ ನೋಡಿದಾಗ ಅರ್ಧದಷ್ಟು ಕರೆಗಳು ನೂರಕ್ಕೆ ಮೂರರಷ್ಟು ವಿಳಾಸಗಳಿಂದಲೇ ಬಂದಿದ್ದವು. ಊರನ್ನೆಲ್ಲ ಒಂದೇ ಸಮನೆ ಸುತ್ತುವ ಗಸ್ತಿಗಿಂತ ಆ ಕೆಲವೇ ಮೂಲೆಗಳ ಮೇಲೆ ಕಣ್ಣಿಡುವುದು ಲಾಭಕರ ಎಂಬುದು ಇದರ ಪಾಠ. ನಮ್ಮ ಐದು ತಾಲ್ಲೂಕುಗಳಿಗೆ ಇದನ್ನು ಹೊಂದಿಸಿದರೆ ಕಬ್ಬು ನುರಿಸುವ ಹಂಗಾಮಿನ ಮೊದಲ ವಾರಗಳಲ್ಲಿ ಉಗಾರ, ಚಿಕ್ಕೋಡಿ ಕಡೆಯ ಕಾರ್ಖಾನೆ ರಸ್ತೆಗಳು, ನವೆಂಬರ್ 1ರ ಮುಂಚಿನ ದಿನಗಳಲ್ಲಿ ನಿಪ್ಪಾಣಿಯ ವೃತ್ತಗಳು ಇಂಥ ಜಾಗಗಳಾಗುತ್ತವೆ. ಯಾವ ದಿನ, ಯಾವ ಜಾಗ ಎಂಬುದು ಮೊದಲೇ ಗೊತ್ತಿದ್ದರೆ ಮಾತುಕತೆಗೆ ಸಮಯ ಸಿಗುತ್ತದೆ.

ಅದೇ ರಸ್ತೆ, 2021

ಜನ ಅಡ್ಡಗಟ್ಟಿದ ರಸ್ತೆಯನ್ನು 2021ರ ಜುಲೈನಲ್ಲಿ ನದಿ ಅಡ್ಡಗಟ್ಟಿತು. ನಿಪ್ಪಾಣಿ ಸಮೀಪದ ಯಮಗರ್ಣಿಯಲ್ಲಿ ವೇದಗಂಗೆಯ ನೀರು ಉಕ್ಕಿ ಹೆದ್ದಾರಿ ಬಂದಾಯಿತು. ಅದಕ್ಕೆ ಎರಡು ವರ್ಷ ಮೊದಲು, 2019ರ ಆಗಸ್ಟ್‌ನಲ್ಲಿ, ಕೃಷ್ಣೆಯ ಮಹಾಪೂರ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ನದಿದಂಡೆಯ ಹಳ್ಳಿಗಳನ್ನು ಮುಳುಗಿಸಿತ್ತು. ಇಂಥ ಹೊತ್ತಿನಲ್ಲಿ ಲಾಠಿ, ಬಂದೂಕು ಯಾವ ಕೆಲಸಕ್ಕೂ ಬಾರವು. ಕೊಯ್ನಾದಿಂದ ಎಷ್ಟು ನೀರು ಬಿಟ್ಟರು, ರಾಜಾಪುರ ಬ್ಯಾರೇಜನ್ನು ಅದು ಯಾವಾಗ ದಾಟುತ್ತದೆ, ಕೊಲ್ಹಾಪುರದ ಕಡೆಯಿಂದ ಬರುವ ಲಾರಿಗಳನ್ನು ಎಲ್ಲಿ ತಡೆಯಬೇಕು ಎಂಬುದೆಲ್ಲ ಗೊತ್ತಾಗಬೇಕಾದರೆ ನೆರೆರಾಜ್ಯದ ಅಧಿಕಾರಿಯೊಡನೆ ನೇರ ಮಾತಿನ ಪರಿಚಯವಿರಬೇಕು. ರಾಷ್ಟ್ರಮಟ್ಟದ ತರಬೇತಿಯ ದೊಡ್ಡ ಲಾಭಗಳಲ್ಲಿ ಇದೂ ಒಂದು. ಹೈದರಾಬಾದಿನಲ್ಲಿ ಒಂದೇ ಮೇಜಿನಲ್ಲಿ ಊಟ ಮಾಡಿದ ಮಹಾರಾಷ್ಟ್ರದ ಅಧಿಕಾರಿಗೆ ಮಧ್ಯರಾತ್ರಿ ಫೋನು ಮಾಡಲು ಸಂಕೋಚವಾಗದು.

ಗಡಿಯ ಎರಡು ಬದಿಗಳಲ್ಲಿ ಪೊಲೀಸ್ ವ್ಯವಸ್ಥೆಯೂ ಒಂದೇ ಅಲ್ಲ. ದೂಧಗಂಗೆಯಾಚೆ ಕಾಗಲ ತಾಲ್ಲೂಕಿನ ಹಳ್ಳಿಯಲ್ಲಿ ಪೊಲೀಸ್ ಪಾಟೀಲನಿದ್ದಾನೆ. ಸುದ್ದಿ ಮೊದಲು ಅವನಿಗೆ ಮುಟ್ಟುತ್ತದೆ. ಈಚೆಯ ಹಳ್ಳಿಗಳಲ್ಲೂ ಒಂದು ಕಾಲಕ್ಕೆ ಪಾಟೀಲ, ಶೇತಸನದಿಗಳಿದ್ದರು. ಅರವತ್ತರ ದಶಕದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದ ಮೇಲೆ ಆ ಕೊಂಡಿ ಕಳಚಿತು. ಅನ್ಯಾಯದ ಪದ್ಧತಿಯೊಂದು ಹೋದದ್ದು ಒಳ್ಳೆಯದೇ. ಆದರೆ ಅದು ಬಿಟ್ಟುಹೋದ ಜಾಗ ಬಹುಕಾಲ ಖಾಲಿ ಉಳಿಯಿತು. ಹಳ್ಳಿಗೊಬ್ಬ ಪೊಲೀಸನನ್ನು ಹೊಣೆಗಾರನನ್ನಾಗಿ ಮಾಡುವ ಸುಧಾರಿತ ಗಸ್ತು ವ್ಯವಸ್ಥೆ ಕರ್ನಾಟಕದಲ್ಲಿ ಬಂದುದು 2017ರಲ್ಲಿ. ಇಂಥ ವ್ಯತ್ಯಾಸಗಳನ್ನು ಅರಿಯದೆ ಗಡಿಯಲ್ಲಿ ಆಡಳಿತ ನಡೆಸುವುದು ಕಷ್ಟ. ಇದಕ್ಕೆ ಭಾಷೆಯನ್ನೂ ಸೇರಿಸಬೇಕು. ಬೇರೆ ರಾಜ್ಯದಿಂದ ಬಂದ ಐ.ಪಿ.ಎಸ್. ಅಧಿಕಾರಿ ಕನ್ನಡ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬುದು ನಿಯಮ. ಬೆಳಗಾವಿಗಿಂತ ಮೀರಜ್‌ಗೆ ಹತ್ತಿರವಾದ ಕಾಗವಾಡದಲ್ಲಿ, ನಿಪ್ಪಾಣಿಯಲ್ಲಿ ಕಿವಿಗೆ ಮರಾಠಿಯೂ ಬೇಕು.

ಕಲಿತದ್ದು ಕೆಳಗಿಳಿಯಬೇಕು

ಇಷ್ಟೆಲ್ಲ ಕಲಿತು ಬಂದ ಅಧಿಕಾರಿ ಜಿಲ್ಲೆಯಲ್ಲಿ ನಿಲ್ಲುವುದಾದರೂ ಎಷ್ಟು ದಿನ? ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದು ಕೊಟ್ಟ ತೀರ್ಪಿನಲ್ಲಿ, ಜಿಲ್ಲಾ ಎಸ್.ಪಿ., ವಲಯದ ಐ.ಜಿ., ಠಾಣಾಧಿಕಾರಿ ಮೊದಲಾದವರಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕೆಂದು ಹೇಳಿತು. ಹೀಗೆ ನ್ಯಾಯಾಲಯ ಹೇಳಬೇಕಾಗಿ ಬಂದದ್ದೇ ವರ್ಗಾವಣೆಯ ಪಿಡುಗು ಎಷ್ಟಿತ್ತು ಎಂಬುದಕ್ಕೆ ಸಾಕ್ಷಿ. ಎರಡು ಕಬ್ಬಿನ ಹಂಗಾಮು, ಎರಡು ಮಳೆಗಾಲ, ಎರಡು ರಾಜ್ಯೋತ್ಸವ ನೋಡದ ಅಧಿಕಾರಿಗೆ ಈ ಸೀಮೆಯ ನಾಡಿ ಸಿಗುವುದು ಹೇಗೆ? ತರಬೇತಿಗೆ ಖರ್ಚು ಮಾಡಿ, ಅದನ್ನು ಬಳಸಲು ಕಾಲ ಕೊಡದಿದ್ದರೆ ಬಿತ್ತಿ ನೀರು ಬಿಡದ ಹಾಗೆ.

ಎರಡನೆಯ ಮಾತು ಪೇದೆಯದು. ಪಡೆಯಲ್ಲಿ ಬಹುಪಾಲು ಅವನೇ, ಈಗ ಅವಳೂ. ಜನ ಎದುರುಗೊಳ್ಳುವ ಪೊಲೀಸ್ ಇಲಾಖೆ ಎಂದರೆ ಅವರೇ. ಮೇಲಧಿಕಾರಿ ಹೈದರಾಬಾದಿನಲ್ಲಿ ತಾಳ್ಮೆಯ ಪಾಠ ಕಲಿತು ಬಂದಿರಬಹುದು. ಆದರೆ ಹದಿನಾರು ಗಂಟೆ ಬಿಸಿಲಿನಲ್ಲಿ ನಿಂತು, ಹೊತ್ತಿಗೆ ಊಟವಿಲ್ಲದೆ, ರಜೆ ಸಿಗದೆ ಬೇಸತ್ತ ಪೇದೆಯ ಕೈಯಲ್ಲಿ ಆ ತಾಳ್ಮೆ ಉಳಿಯುವುದಿಲ್ಲ. ಹೆಂಡನ್ ಕಾಲೇಜಿಗೆ ಅಂದು ಬಂದ ಆಕ್ಷೇಪ ಇಲ್ಲಿ ನೆನಪಾಗುತ್ತದೆ. ಮೇಲಿನವರು ಮಾತ್ರ ಕಲಿಯುವ ಪಡೆಯಲ್ಲಿ ಮೇಲಿನವರ ಭಾಷೆ ಒಂದು, ಕೆಳಗಿನವರ ಭಾಷೆ ಇನ್ನೊಂದಾಗುತ್ತದೆ. ಬಂದೋಬಸ್ತಿಗೆ ಹೊರಡುವ ಮುಂಚೆ ಸಿಬ್ಬಂದಿಯನ್ನು ಕೂಡಿಸಿ, ಎದುರಿಗೆ ಕೂತಿರುವವರು ಯಾರು, ಅವರ ಅಹವಾಲು ಏನು, ನಾವು ಎಲ್ಲಿಯವರೆಗೆ ಕಾಯುತ್ತೇವೆ ಎಂದು ಹತ್ತು ನಿಮಿಷ ತಿಳಿಹೇಳುವ ಅಧಿಕಾರಿ ತಾನು ಕಲಿತದ್ದನ್ನು ಕೆಳಗಿಳಿಸಿದಂತೆ.

ಇಂಥ ತರಬೇತಿ ಫಲ ಕೊಟ್ಟಿದೆಯೇ ಎಂದು ಅಳೆಯುವುದು ಸುಲಭವಲ್ಲ. ಹಿಡಿದ ಕಳ್ಳರನ್ನು ಎಣಿಸಬಹುದು, ಆಗದೆ ಹೋದ ಗೋಲೀಬಾರನ್ನು ಎಣಿಸುವ ರಿಜಿಸ್ಟರು ಯಾವ ಠಾಣೆಯಲ್ಲೂ ಇಲ್ಲ. ರೈತರು ರಸ್ತೆಗೆ ಬಂದು, ಯಾರೋ ಒಬ್ಬ ಅಧಿಕಾರಿ ಮೂರು ದಿನ ಅವರೊಡನೆ ಕೂತು ಮಾತನಾಡಿ, ಜಿಲ್ಲಾಧಿಕಾರಿಯನ್ನೂ ಕಾರ್ಖಾನೆಯವರನ್ನೂ ಎದುರಿಗೆ ಕೂಡಿಸಿ, ನಾಲ್ಕನೆಯ ದಿನ ಎಲ್ಲರೂ ಎದ್ದು ಮನೆಗೆ ಹೋದರೆ ಅದು ಪತ್ರಿಕೆಯಲ್ಲಿ ಒಳಪುಟದ ನಾಲ್ಕು ಸಾಲಿನ ಸುದ್ದಿ. ನಿಪ್ಪಾಣಿಯಲ್ಲಿ 1981ರಲ್ಲಿ ಆಗಬೇಕಾಗಿದ್ದುದು ಆ ನಾಲ್ಕು ಸಾಲಿನ ಸುದ್ದಿ. ಬೂದುಗೂದಲಿನ ಅಧಿಕಾರಿಗಳನ್ನು ಮತ್ತೆ ತರಗತಿಯಲ್ಲಿ ಕೂರಿಸುವುದು ಅದಕ್ಕಾಗಿಯೇ.